ಕಪ್ಪು ನೇಯ್ಗೆಯ ಅಕ್ಷರ

ಪಟ್ಟಿಮೂತಿಯ ಲೇಖನಿಯನ್ನು ದಟ್ಟ ಶಾಯಿಯಲ್ಲಿ ಅದ್ದಿ, ಓರೆಯಾಗಿ ಹಿಡಿದು, ಕೈ ತಿರುಗಿಸದೆ ನೆಟ್ಟಗೆ ಕೆಳಕ್ಕೆ ಎಳೆಯಿರಿ. ದಪ್ಪನೆಯ ಕಂಬವೊಂದು ಮೂಡುತ್ತದೆ. ಅದರ ತಲೆಗೂ ಬುಡಕ್ಕೂ ವಜ್ರದಾಕಾರದ ಚುಕ್ಕೆ ಒತ್ತಿದರೆ ಬ್ಲ್ಯಾಕ್‌ಲೆಟರ್ ಲಿಪಿಯ ಮೂಲಗೆರೆ ಸಿದ್ಧ. ಮಧ್ಯಯುಗದ ಯುರೋಪಿನಲ್ಲಿ ಲಿಪಿಕಾರರು ಇಂಥ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಪುಟ ತುಂಬುತ್ತಿದ್ದರು. ನೋಡಲು ನೇಯ್ದ ಬಟ್ಟೆಯಂತೆ. ಹಾಗಾಗಿ ‘ಟೆಕ್ಸ್ಚುರಾ’, ಅಂದರೆ ನೇಯ್ಗೆ, ಎಂಬ ಹೆಸರು. ‘ಮಿನಿಮಮ್’ ಎಂಬ ಲ್ಯಾಟಿನ್ ಪದವನ್ನು ಹೀಗೆ ಬರೆದರೆ ಸಾಲಾಗಿ 15 ಕಂಬಗಳು! ಎಲ್ಲಿ ‘ಎಮ್’ ಮುಗಿದು ‘ಐ’ ಶುರುವಾಯಿತೆಂದು ಕಣ್ಣು ತಡವರಿಸುತ್ತದೆ. ‘ಐ’ ನೆತ್ತಿಯ ಮೇಲೆ ಗುರುತು ಏರಿದ್ದೇ ಈ ಗೊಂದಲ ಬಿಡಿಸಲು.

ಗುಟೆನ್‌ಬರ್ಗ್ 1455ರ ಸುಮಾರಿಗೆ ಮೈನ್ಸ್ ನಗರದಲ್ಲಿ ಪುಟಕ್ಕೆ 42 ಸಾಲಿನ ಬೈಬಲ್ ಅಚ್ಚು ಹಾಕಿದ್ದು ಟೆಕ್ಸ್ಚುರಾ ಅಚ್ಚುಮೊಳೆಗಳಿಂದಲೇ. ಇಟಲಿ ಬೇಗನೆ ದುಂಡು ರೋಮನ್ ಅಕ್ಷರಕ್ಕೆ ಹೊರಳಿತು, ಜರ್ಮನಿ ಹೊರಳಲಿಲ್ಲ. ಕನ್ನಡಕ್ಕೆ ದುಡಿದ ನಮ್ಮ ಮೋಗ್ಲಿಂಗ್, ಕಿಟ್ಟೆಲ್ ಅವರ ಕಾಲದ ಜರ್ಮನ್ ಪುಸ್ತಕಗಳು ಬಹುಪಾಲು ಇದೇ ಕುಲದ ‘ಫ್ರಾಕ್ಟೂರ್’ನಲ್ಲಿ ಇರುತ್ತಿದ್ದವು.

ಆದರೆ ಈ ಲಿಪಿಯ ಬೆನ್ನಿಗೆ ನನ್ನನ್ನು ಹಚ್ಚಿದವರು ಜರ್ಮನಿಯ ಅಕ್ಷರ ವಿನ್ಯಾಸಕ ರುಡಾಲ್ಫ್ ಕೋಖ್. 1876ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿದ ಅವರು 1906ರಲ್ಲಿ ಆಫೆನ್‌ಬಾಖ್ ಊರಿನ ಕ್ಲಿಂಗ್‌ಸ್ಪೋರ್ ಮೊಳೆ ಕಾರ್ಖಾನೆ ಸೇರಿ, 1934ರಲ್ಲಿ ಸಾಯುವವರೆಗೂ ಅಲ್ಲೇ ದುಡಿದರು. ಅವರ ಮೊದಲ ಅಚ್ಚಕ್ಷರ ‘ಡಾಯ್ಚ ಶ್ರಿಫ್ಟ್’ ಶೀರ್ಷಿಕೆಗೆ ಹೇಳಿ ಮಾಡಿಸಿದಂಥ ದಪ್ಪ ಬ್ಲ್ಯಾಕ್‌ಲೆಟರ್. ಸೀಸದಲ್ಲಿ ಎರಕವಾದರೂ ಅದರಲ್ಲಿ ಲೇಖನಿಯ ಒತ್ತು ಕಾಣುತ್ತದೆ. 1920ರ ದಶಕದ ‘ವಿಲ್ಹೆಲ್ಮ್ ಕ್ಲಿಂಗ್‌ಸ್ಪೋರ್’ ಅಕ್ಷರವನ್ನಂತೂ ಹತ್ತಿರದಿಂದ ನೋಡಬೇಕು. ದೊಡ್ಡಕ್ಷರದ ಕಪ್ಪು ಕಂಬದ ಮಗ್ಗುಲಲ್ಲೇ ಕೂದಲೆಳೆಯಂಥ ಗೆರೆ ಇಳಿಯುತ್ತದೆ. ಅದನ್ನು ಉಕ್ಕಿನ ಪಡಿಯಚ್ಚಿನಲ್ಲಿ ಕೊರೆದು, ತಾಮ್ರಕ್ಕೆ ಒತ್ತಿ, ಆ ಕುಳಿಗೆ ಕರಗಿದ ಸೀಸ ಸುರಿಯಬೇಕು. ಆ ಎಳೆ ಮುರಿಯದೆ ಹೊರಬಂತಲ್ಲ! ಕೋಖ್ ಅವರ ಕಮ್ಮಟದಲ್ಲಿ ಅಕ್ಷರಗಳನ್ನು ಬಟ್ಟೆಯಲ್ಲಿ ನಿಜವಾಗಿಯೇ ನೇಯುತ್ತಿದ್ದರೆಂದು ತಿಳಿದ ದಿನ ಟೆಕ್ಸ್ಚುರಾ ಎಂಬ ಹೆಸರು ನನಗೆ ಹೊಸದಾಗಿ ಕೇಳಿಸಿತು.

ಈ ಲಿಪಿ ಕಂಡೊಡನೆ ಹಲವರಿಗೆ ಹಿಟ್ಲರ್ ನೆನಪಾಗುತ್ತಾನೆ. ನನಗೆ ನೋವಾಗುವುದು ಇಲ್ಲೇ. ನಾಜಿಗಳು ಮೊದಲು ಇದನ್ನು ಮೆರೆಸಿದ್ದು ನಿಜ. ಆದರೆ 1941ರ ಜನವರಿ 3ರಂದು ನಾಜಿ ಪಕ್ಷದ ನಾಯಕ ಬೋರ್ಮನ್ ಸುತ್ತೋಲೆ ಹೊರಡಿಸಿ, ಇವು ‘ಯಹೂದಿ ಅಕ್ಷರ’ಗಳೆಂಬ ಸುಳ್ಳು ಹೊರಿಸಿ ಕೈಬಿಡಿಸಿದ. ಕೋಖ್ ಅವರ ಶಿಷ್ಯ, ಯಹೂದಿ ಬರ್ತೋಲ್ಡ್ ವೋಲ್ಪೆ ಅದಕ್ಕೂ ಮೊದಲೇ ಇಂಗ್ಲೆಂಡಿಗೆ ಹೋಗಿ ನೆಲೆಸಬೇಕಾಯಿತು. ಹೊರಿಸಿದ ಕಳಂಕ ಮಾತ್ರ ಅಕ್ಷರಕ್ಕೇ ಅಂಟಿ ಉಳಿಯಿತು.

ಈಗ ಆಫೆನ್‌ಬಾಖ್‌ನಲ್ಲಿ ಮೊಳೆ ಎರಕವಿಲ್ಲ. 1953ರಲ್ಲಿ ತೆರೆದ ಕ್ಲಿಂಗ್‌ಸ್ಪೋರ್ ಮ್ಯೂಸಿಯಂ ಇದೆ. ಫ್ರಾಂಕ್‌ಫರ್ಟಿನ ‘ಫ್ರಾಂಕ್‌ಫರ್ಟರ್ ಅಲ್ಗೆಮೈನ’ ಪತ್ರಿಕೆ ತನ್ನ ಅಭಿಪ್ರಾಯ ಬರಹಗಳ ತಲೆಬರಹಕ್ಕೆ 2007ರವರೆಗೂ ಫ್ರಾಕ್ಟೂರ್ ಬಳಸುತ್ತಿತ್ತು. ಅದೂ ನಿಂತು, ಈಗ ಮುಖಪುಟದ ನೆತ್ತಿಯ ಮೇಲೆ ಪತ್ರಿಕೆಯ ಹೆಸರೊಂದು ಆ ಕಪ್ಪು ಅಕ್ಷರಗಳಲ್ಲಿ ನಿಂತಿದೆ.