ಕಾರವಾರ ಪ್ರವಾಸ

ಕಾರವಾರವು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರ ಹಾಗೂ ರಾಜ್ಯದ ಪ್ರಮುಖ ಕಡಲತೀರ ಪ್ರವಾಸಿ ತಾಣಗಳಲ್ಲಿ ಒಂದು. ಕಾಳಿ ನದಿಯು ಅರಬ್ಬಿ ಸಮುದ್ರವನ್ನು ಸೇರುವಲ್ಲಿ, ಗೋವಾ ಗಡಿಗೆ ಸಮೀಪದಲ್ಲಿರುವ ಈ ನಗರವು ಬೆಂಗಳೂರಿನಿಂದ ಸುಮಾರು 520 ಕಿ.ಮೀ. ದೂರದಲ್ಲಿದೆ. ಇಲ್ಲಿ ಬೆಟ್ಟ, ನದಿ ಮತ್ತು ಕಡಲು ಒಂದೆಡೆ ಕೂಡುತ್ತವೆ. ಊರಿನ ಚೆಲುವಿಗೂ ಪ್ರವಾಸಿಗರು ಎದುರಿಸಬೇಕಾದ ಅಪಾಯಗಳಿಗೂ ಈ ಭೂರಚನೆಯೇ ಕಾರಣವಾಗಿದೆ.

ಇತಿಹಾಸ

ಕಾಳಿ ನದಿಯ ದಡದ ಕಡವಾಡದಲ್ಲಿ 17ನೆಯ ಶತಮಾನದಲ್ಲಿ ಇಂಗ್ಲಿಷರು ವ್ಯಾಪಾರ ಕೋಠಿಯನ್ನು ಹೊಂದಿದ್ದರು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯದ ಭಾಗವಾಯಿತು. 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಇಲ್ಲಿಯೇ ಬರೆದರು. ನಗರದ ಮುಖ್ಯ ಕಡಲತೀರಕ್ಕೆ ಅವರ ಹೆಸರನ್ನಿಡಲಾಗಿದೆ.

ನೌಕಾನೆಲೆ

ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಹಾಕಲಾಯಿತು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಹಾಗೂ ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ನೆಲೆ ತೊರೆಯಬೇಕಾಯಿತು. ಅವರಲ್ಲಿ ಮೀನುಗಾರರೂ ಕೃಷಿಕರೂ ಇದ್ದರು. ಹಿಂದೆ ಎಲ್ಲರಿಗೂ ತೆರೆದಿದ್ದ ದಕ್ಷಿಣ ದಿಕ್ಕಿನ ಕೆಲವು ತೀರಗಳು ಇಂದು ನೌಕಾಪಡೆಯ ವಶದಲ್ಲಿವೆ. ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ.

ಪ್ರೇಕ್ಷಣೀಯ ಸ್ಥಳಗಳು

ರವೀಂದ್ರನಾಥ ಠಾಕೂರ್ ಕಡಲತೀರದಲ್ಲಿ ನಿವೃತ್ತ ಯುದ್ಧನೌಕೆ 'ಚಪಲ'ವನ್ನು ವಸ್ತುಸಂಗ್ರಹಾಲಯವಾಗಿ ಇರಿಸಲಾಗಿದೆ. ನದಿಯ ಉತ್ತರ ದಡದ ಗುಡ್ಡದ ಮೇಲೆ ಸೋದೆ ಅರಸರು ಕಟ್ಟಿಸಿದ ಸದಾಶಿವಗಡ ಕೋಟೆಯ ಅವಶೇಷಗಳಿವೆ. ಅಳಿವೆಯ ಸಮೀಪದ ದೇವಬಾಗ ಗಾಳಿಮರಗಳ ನೆರಳಿನ ಮರಳುತೀರಕ್ಕೆ ಹೆಸರಾಗಿದೆ. ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯು ಪುಷ್ಯ ಹುಣ್ಣಿಮೆಯಂದು ನಡೆಯುತ್ತದೆ.

ದಕ್ಷಿಣಕ್ಕೆ ಸುಮಾರು 60 ಕಿ.ಮೀ. ದೂರದ ಗೋಕರ್ಣವು ಮಹಾಬಲೇಶ್ವರ ದೇವಾಲಯಕ್ಕೂ ಓಂ, ಕುಡ್ಲೆ ಮೊದಲಾದ ಕಡಲತೀರಗಳಿಗೂ ಪ್ರಸಿದ್ಧವಾಗಿದೆ. ದಾರಿಯಲ್ಲಿ ಸಿಗುವ ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದ ನೆಲ. ಕುಮಟಾ ಬಳಿಯ ಮಿರ್ಜಾನ ಕೋಟೆ, ಯಾಣದ ಬೃಹತ್ ಶಿಲೆಗಳು ಹಾಗೂ ಭಟ್ಕಳ ತಾಲ್ಲೂಕಿನ ಮುರುಡೇಶ್ವರ ಇತರ ಪ್ರಮುಖ ತಾಣಗಳು.

ತಲುಪುವ ಬಗೆ

ಬೆಂಗಳೂರಿನಿಂದ ರಸ್ತೆಯಲ್ಲಿ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮಾರ್ಗವಾಗಿ ಕಾರವಾರವನ್ನು ತಲುಪಬಹುದು. ರೈಲಿನಲ್ಲಿ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ಮಾರ್ಗವಾಗಿ ಕರಾವಳಿಗೆ ಇಳಿಯುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಕೊಂಕಣ ರೈಲುಮಾರ್ಗದ ಕಾರವಾರ ನಿಲ್ದಾಣವು ನಗರದ ಹೊರಗೆ, ಶಿರವಾಡದಲ್ಲಿದೆ.

ಕಾಲ ಮತ್ತು ಸುರಕ್ಷತೆ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಪ್ರವಾಸಕ್ಕೆ ಸೂಕ್ತ. ಮುಂಗಾರಿನಲ್ಲಿ ಇಲ್ಲಿ ಭಾರಿ ಮಳೆ ಸುರಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ತಾಜಾ ಸಮುದ್ರ ಮೀನು ವಿರಳ.

ಈ ಕರಾವಳಿಯ ದುರಂತಗಳನ್ನು ಪ್ರವಾಸಿಗರು ತಿಳಿದಿರಬೇಕು. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಮೃತಪಟ್ಟರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಮಣ್ಣಿನಡಿ ಹಾಗೂ ಗಂಗಾವಳಿ ನದಿಯಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು.

ಕೊನೆಯ ಘಟನೆಯು ಮಳೆಗಾಲ ಕಳೆದ ಮೇಲೆ ಜರುಗಿತೆಂಬುದು ಗಮನಾರ್ಹ. ಮೇಲ್ನೋಟಕ್ಕೆ ಶಾಂತವಾಗಿರುವ ತೀರದಲ್ಲಿಯೂ ಅಲೆಯ ನೀರು ಹಿಂದಕ್ಕೆ ಹರಿಯುವಾಗ ಪ್ರಬಲ ಸೆಳೆತ ಉಂಟಾಗಬಹುದು. ಇಂತಹ ಸೆಳೆತಕ್ಕೆ ಸಿಲುಕಿದವರು ಎದುರಾಗಿ ಈಜಿ ದಣಿಯುವ ಬದಲು ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದ ಬಳಿಕ ದಡದತ್ತ ತಿರುಗಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ನೀರಿಗೆ ಇಳಿಯದಿರುವುದು, ದೋಣಿಯಲ್ಲಿ ಜೀವರಕ್ಷಕ ಕವಚ ಧರಿಸುವುದು ಮತ್ತು ಸ್ಥಳೀಯ ಮೀನುಗಾರರ ಮಾತಿಗೆ ಬೆಲೆ ಕೊಡುವುದು ಅಗತ್ಯ.