ಎರಡು ಎಕರೆ ಇಪ್ಪತ್ತು: ಗುಂಟೆಯೋ, ಸೆಂಟೋ?

“ಚಟ್ಟಂ ಒಪ್ಪುಕೋದಮ್ಮಾ” ಎಂದರು ವಕೀಲರು. ಅವ್ವ ಗಾಬರಿಯಾಗಿ ಎದ್ದು ನಿಂತಳು. “ಯಾರಿಗಪ್ಪಾ ಚಟ್ಟ? ನಾನಿನ್ನೂ ಬದುಕಿದೀನಿ!”

ಅವ್ವ ಶಿರಾ ಸೀಮೆಯವಳು. ಮಡಕಶಿರಾ ಕಡೆಗೆ ಸೊಸೆಯಾಗಿ ಬಂದು ಐವತ್ತು ವರ್ಷವಾಗಿದ್ದರೂ ಕಚೇರಿ ತೆಲುಗು ಅವಳಿಗೆ ಹತ್ತಿರಲಿಲ್ಲ. ತೆಲುಗಿನಲ್ಲಿ ಚಟ್ಟಂ ಎಂದರೆ ಕಾನೂನು. ನಮ್ಮಲ್ಲಿ ಚಟ್ಟ ಎಂದರೆ ಹೆಣ ಹೊರುವುದು. ಬಿಡಿಸಿ ಹೇಳಿದ ಮೇಲೆ ವಕೀಲರೂ ನಕ್ಕರು. ಆದರೆ ನಾವು ಹೋಗಿದ್ದ ಕೆಲಸ ಮಾತ್ರ ನಗುವಂಥದ್ದಲ್ಲ.

ಅಪ್ಪ ತೀರಿಕೊಂಡ ಮೇಲೆ 1998ರಲ್ಲಿ ಅಣ್ಣ, ನಾನು ಐದೆಕರೆ ಹೊಲ ಪಾಲು ಮಾಡಿಕೊಂಡೆವು. ಪಾವಗಡ ಕಡೆಯ ಹಿರಿಯರೊಬ್ಬರು ಕನ್ನಡದಲ್ಲಿ ಪಾಲುಪಟ್ಟಿ ಬರೆದರು. ಇಬ್ಬರಿಗೂ “2-20”. ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಎರಡೂವರೆ ಎಕರೆ. ಆ ಚೀಟಿ ನೋಡಿ ದಸ್ತಾವೇಜು ಬರೆದವರು ತೆಲುಗಿನವರು. ಅವರು ಬರೆದದ್ದು 2.20, ಎರಡು ಎಕರೆ ಇಪ್ಪತ್ತು ಸೆಂಟು. ನಾವೂ ಸಹಿ ಹಾಕಿದೆವು.

ಮೈಸೂರು ಸೀಮೆಯಲ್ಲಿ ಎಕರೆಗೆ 40 ಗುಂಟೆ. ಹಳೇ ಮದ್ರಾಸು ಪ್ರಾಂತ್ಯದ ಲೆಕ್ಕ ಉಳಿದಿರುವ ನಮ್ಮ ಕಡೆ ಎಕರೆಗೆ 100 ಸೆಂಟು. ಇಪ್ಪತ್ತು ಗುಂಟೆ ಎಂದರೆ ಐವತ್ತು ಸೆಂಟು. ಒಬ್ಬೊಬ್ಬರಿಗೆ ಮೂವತ್ತು ಸೆಂಟು ಕಮ್ಮಿಯಾಯಿತು. ಆ ಅರವತ್ತು ಸೆಂಟು, ಬಾವಿ ಸಮೇತ, ತೀರಿಹೋದ ಅಪ್ಪನ ಹೆಸರಲ್ಲೇ ಉಳಿಯಿತು. 2016ರಲ್ಲಿ ಸಾಲಕ್ಕೆಂದು ಅಡಂಗಲ್ ತೆಗೆಸಿದಾಗಲೇ ಗೊತ್ತಾದದ್ದು. ಪಾವಗಡದಲ್ಲಿ ಪಹಣಿ ಅನ್ನುವ ಕಾಗದಕ್ಕೆ ಇಲ್ಲಿ ಅಡಂಗಲ್ ಅಂತಾರೆ.

ಇಂಥ ಮಾತುಗಳು ಎಷ್ಟೋ ಇವೆ. ತೆಲುಗಿನವರು ಹೊಲದ ಎಲ್ಲೆಗೆ ಹದ್ದು ಅಂತಾರೆ. ನಮಗೆ ಹದ್ದು ಎಂದರೆ ಮೇಲೆ ಹಾರೋದು. ಆದರೂ ಕರ್ನಾಟಕದ ಸರ್ವೆಯವರ “ಹದ್ದುಬಸ್ತು” ಒಳಗೆ ಅದೇ ಎಲ್ಲೆ ಕೂತಿದೆ. ಉರ್ದುವಿನಲ್ಲಿ ಮುದ್ದಯಿ ಎಂದರೆ ದಾವಾ ಹೂಡಿದವನು. ತೆಲುಗಿಗೆ ಬಂದು ಮುದ್ದಾಯಿ ಆದಾಗ ಆರೋಪಿಯೇ ಆಗಿಬಿಟ್ಟ! ವಾದಿ, ಪ್ರತಿವಾದಿ, ತೀರ್ಪು ಮಾತ್ರ ಎರಡೂ ಕಡೆ ಒಂದೇ. ನಾನು ಎರಡು ಭಾಷೆಯಲ್ಲೂ ಪದ್ಯ ಕಟ್ಟುವವನು. ಪದ್ಯದಲ್ಲಿ ಒಂದು ಮಾತಿಗೆ ಎರಡರ್ಥ ಬಂದರೆ ಶ್ಲೇಷೆ; ದಸ್ತಾವೇಜಿನಲ್ಲಿ ಬಂದರೆ ವ್ಯಾಜ್ಯ.

ಅವತ್ತು ವಕೀಲರು ಹೇಳಿದ್ದು ಇಷ್ಟು: ಉಳಿದ ಅರವತ್ತು ಸೆಂಟಿನಲ್ಲಿ ಮಗಳಿಗೂ ಪಾಲಿದೆ, ಅವಳ ಸಹಿ ಇಲ್ಲದೆ ಚಟ್ಟಂ ಒಪ್ಪದು. ಅಕ್ಕನನ್ನು 1989ರಲ್ಲಿ ಪಾವಗಡಕ್ಕೆ ಕೊಟ್ಟಿದ್ದೆವು. ಪಾಲಾದಾಗ ಅವಳನ್ನು ಯಾರೂ ಕೇಳಿರಲಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಆಂಧ್ರದ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದಲೇ ಜಾರಿಯಲ್ಲಿತ್ತು. ಅದಕ್ಕೆ ಮುಂಚೆ ಮದುವೆಯಾದವರಿಗೆ ಆಗ ಅದು ಇರಲಿಲ್ಲ. ಕರ್ನಾಟಕದಲ್ಲಿ ಅಂಥದ್ದು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅಂದರೆ ನಾವು ಪಾಲು ಮಾಡಿಕೊಂಡಾಗಲೇ ಅಕ್ಕನಿಗೆ ಹಕ್ಕಿತ್ತು. ಸೆಂಟು-ಗುಂಟೆ ತಪ್ಪಿದ್ದು ಬರೆದವರಿಂದ. ಇದು ತಪ್ಪಿದ್ದು ನಮ್ಮಿಂದ.

ಅಕ್ಕ ಬಂದಳು. “ಸಹಿ ತಾನೇ, ಎಲ್ಲಿ ಹಾಕಲಿ ಹೇಳ್ರೋ” ಅಂದಳು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಆಮೇಲೆ, “ಬೇಡ ಕಣಮ್ಮ, ಅದು ನಿನಗೇ ಇರಲಿ” ಅಂದ. ಅರವತ್ತು ಸೆಂಟನ್ನೂ ಅಕ್ಕನ ಹೆಸರಿಗೆ ಬರೆದೆವು. ಅವಳ ಪಾಲಿಗೆ ಅದು ಕಮ್ಮಿಯೇ. ಬಾವಿ ನೀರು ಈಗ ಅವಳನ್ನು ಕೇಳಿ ಕಟ್ಟಿಕೊಳ್ಳುತ್ತೇವೆ.

ಗಡಿ ಆಚೀಚೆ ಹೊಲ, ನೆಂಟಸ್ತನ ಇರುವವರಿಗೆ ನನ್ನದೊಂದು ಮಾತು. ವಿಸ್ತೀರ್ಣವನ್ನು ಬರೀ ಅಂಕಿಯಲ್ಲಿ ಬರೆಸಬೇಡಿ. ಗುಂಟೆಯೋ ಸೆಂಟೋ ಅಕ್ಷರದಲ್ಲೇ ಬರೆಸಿ. ಸಹಿಗೆ ಮುಂಚೆ ಎರಡು ಭಾಷೆ ಬಲ್ಲವರಿಂದ ಗಟ್ಟಿಯಾಗಿ ಓದಿಸಿ. ಮನೆಯ ಹೆಣ್ಣುಮಗಳು ಕೂತು ಕೇಳಲಿ.