ಬಾರ್ಟನ್‌ನ ತಿರುಗುವ ಮೇಲ್ಗಾಲುವೆ

ರೈಲು ಬರುವ ಹೊತ್ತಿಗೆ ಗೇಟು ಹಾಕಿ ರಸ್ತೆಯ ವಾಹನಗಳನ್ನು ತಡೆಯುವುದು ಮಕ್ಕಳಿಗೆ ತಿಳಿದ ಸಂಗತಿಯೇ. ಎರಡು ಜಲಮಾರ್ಗಗಳು ಒಂದನ್ನೊಂದು ಅಡ್ಡಹಾಯುವಾಗ ಯಾವುದು ಕಾಯಬೇಕು, ಯಾವುದು ಸಾಗಬೇಕು? ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಮೀಪದಲ್ಲಿರುವ ಬಾರ್ಟನ್ ಎಂಬಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವು ವಿಜ್ಞಾನಪಾಠಕ್ಕೂ ಸಮಾಜಪಾಠಕ್ಕೂ ಒದಗುವಂಥದು.

ಬ್ರಿಜ್‌ವಾಟರ್‌ನ ಡ್ಯೂಕ್ ತನ್ನ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ಕಾಲುವೆಯೊಂದನ್ನು ತೋಡಿಸಿದನು. ಅದು ಇರ್ವೆಲ್ ನದಿಯನ್ನು ದಾಟುವೆಡೆಯಲ್ಲಿ 1761ರಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರನು ಕಲ್ಲಿನ ಮೇಲ್ಗಾಲುವೆಯನ್ನು ಕಟ್ಟಿದನು. ಸೇತುವೆಯು ರಸ್ತೆಯನ್ನು ಹೊರುವಂತೆ ಮೇಲ್ಗಾಲುವೆಯು ನೀರನ್ನೂ ದೋಣಿಗಳನ್ನೂ ಹೊರುತ್ತದೆ.

ಶತಮಾನದ ತರುವಾಯ ಲಿವರ್‌ಪೂಲ್ ಬಂದರಿನ ಸುಂಕದ ಹೊರೆಯನ್ನು ತಪ್ಪಿಸಿಕೊಳ್ಳಲು ಮ್ಯಾಂಚೆಸ್ಟರಿನ ವರ್ತಕರು ಸಮುದ್ರದ ಹಡಗುಗಳನ್ನು ತಮ್ಮ ಊರಿಗೇ ಬರಮಾಡಿಕೊಳ್ಳಬಯಸಿದರು. ಅದಕ್ಕಾಗಿ ನಿರ್ಮಿಸಿದ ಸುಮಾರು 58 ಕಿ.ಮೀ. ಉದ್ದದ ಹಡಗುಗಾಲುವೆಯು 1894ರ ಜನವರಿ 1ರಂದು ಸಂಚಾರಕ್ಕೆ ತೆರೆಯಿತು. ಎತ್ತರದ ಹಡಗುಗಳಿಗೆ ಹಳೆಯ ಕಲ್ಲಿನ ಕಮಾನುಗಳು ಅಡ್ಡಿ. ಹಾಗೆಂದು ಮೇಲ್ಗಾಲುವೆಯನ್ನು ತೆಗೆದುಹಾಕಿದರೆ ದೋಣಿಗಳ ದಾರಿಯೇ ಮುಚ್ಚಿಹೋಗುವುದು. ದೋಣಿಗಳನ್ನು ಕೆಳಗಿಳಿಸಿ ಮತ್ತೆ ಮೇಲೇರಿಸಿದರೆ ಪ್ರತಿ ಸಲವೂ ಮೇಲಿನ ಕಾಲುವೆಯ ನೀರು ನಷ್ಟವಾಗುವುದು.

ಎಡ್ವರ್ಡ್ ಲೀಡರ್ ವಿಲಿಯಮ್ಸ್ ಎಂಬ ಎಂಜಿನಿಯರನು ಕಂಡುಕೊಂಡ ಪರಿಹಾರವೆಂದರೆ ತಿರುಗುವ ಮೇಲ್ಗಾಲುವೆ. ಹಡಗುಗಾಲುವೆಯ ನಡುವಿನ ಕೃತಕ ದ್ವೀಪದ ಮೇಲೆ ಕಬ್ಬಿಣದ ತೊಟ್ಟಿಯೊಂದು ನಿಂತಿದೆ. ಹಡಗು ಬರುವ ಮುನ್ನ ತೊಟ್ಟಿಯ ಎರಡು ತುದಿಗಳ ಬಾಗಿಲುಗಳನ್ನೂ ಎರಡು ದಡಗಳಲ್ಲಿರುವ ಕಾಲುವೆಯ ಬಾಗಿಲುಗಳನ್ನೂ ಮುಚ್ಚುತ್ತಾರೆ. ಬಳಿಕ ತೊಟ್ಟಿಯು ನೀರು ತುಂಬಿದಂತೆಯೇ 90 ಡಿಗ್ರಿ ತಿರುಗಿ ದ್ವೀಪದ ಉದ್ದಕ್ಕೆ ನಿಲ್ಲುತ್ತದೆ. ಹಡಗು ಪಕ್ಕದಲ್ಲಿ ಸಾಗುತ್ತದೆ. ಒಟ್ಟು ತೂಕ ಸುಮಾರು 1,450 ಟನ್. ಅದರಲ್ಲಿ ನೀರೇ ಸುಮಾರು 800 ಟನ್. ನೀರನ್ನು ಖಾಲಿಮಾಡುವ ಅಗತ್ಯವಿಲ್ಲದುದರಿಂದ ಹಡಗು ದಾಟಿದೊಡನೆ ತೊಟ್ಟಿಯು ಮರಳಿ ತಿರುಗಿ ದೋಣಿಗಳಿಗೆ ದಾರಿಯಾಗುತ್ತದೆ.

ಇಲ್ಲಿ ಶಿಕ್ಷಕರು ಕೇಳಬಹುದಾದ ಪ್ರಶ್ನೆಯೊಂದಿದೆ: ತೊಟ್ಟಿಯೊಳಗೆ ದೋಣಿ ಬಂದರೆ ತೂಕ ಹೆಚ್ಚುವುದೇ? ಹೆಚ್ಚುವುದಿಲ್ಲ. ತೇಲುವ ದೋಣಿಯು ತನ್ನ ತೂಕದಷ್ಟೇ ನೀರನ್ನು ಕಾಲುವೆಯತ್ತ ಸರಿಸಿಯೇ ಒಳಬರುತ್ತದೆ. ಅಂಚಿನವರೆಗೆ ನೀರು ತುಂಬಿದ ಪಾತ್ರೆಯನ್ನು ತೂಗಿ, ಅದರಲ್ಲಿ ಮರದ ತುಂಡೊಂದನ್ನು ಮೆಲ್ಲನೆ ತೇಲಿಬಿಟ್ಟು, ಚೆಲ್ಲಿದ ನೀರನ್ನು ಒರೆಸಿ ಮತ್ತೆ ತೂಗಿದರೆ ಆರ್ಕಿಮಿಡೀಸನ ತತ್ತ್ವವನ್ನು ಮಕ್ಕಳು ತಾವೇ ಕಾಣುವರು.

ಸಮಾಜಪಾಠದಲ್ಲಿ ಚರ್ಚಿಸಬೇಕಾದುದು ಬೇರೆ. ಹೊಸದಾದ ದೊಡ್ಡ ಮಾರ್ಗವು ಬಂದಾಗ ಹಳೆಯ ಚಿಕ್ಕ ಮಾರ್ಗವನ್ನು ಮುಚ್ಚಲಿಲ್ಲ. ಅದು ಸ್ವಲ್ಪ ಹೊತ್ತು ಕಾಯುವಂತಾಯಿತು, ಅಷ್ಟೆ. ಸರಕಿನ ದೋಣಿಗಳ ಕಾಲ ಮುಗಿದರೂ ವಿಹಾರದೋಣಿಗಳು ಅದೇ ತೊಟ್ಟಿಯನ್ನು ದಾಟುತ್ತ ಬಂದಿವೆ. ನಿಮ್ಮ ಊರಿನಲ್ಲಿ ಒಂದೇ ದಾರಿಯನ್ನು ಅಥವಾ ಒಂದೇ ನೀರನ್ನು ಸರದಿಯಂತೆ ಹಂಚಿಕೊಳ್ಳುವ ಪದ್ಧತಿಯಿದೆಯೇ ಎಂದು ಮಕ್ಕಳನ್ನು ಕೇಳಿ, ಅವರ ಉತ್ತರಗಳನ್ನು ಕನ್ನಡದಲ್ಲಿ ಬರೆಯಿಸಿರಿ.